ನುಂಗಲಾರದ ತುತ್ತಿಗೆ ದಾರಿ ಹುಡುಕಿದ ಹಕೀಮ ಇಬ್ನ್ ಝುಹ್ರ್

ಬಾಯಲ್ಲಿಟ್ಟ ತುತ್ತು ಹೊಟ್ಟೆಗೆ ಹೇಗೆ ಸೇರುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಅದು ತಾನಾಗಿ ಜಾರಿ ಬೀಳುವುದಿಲ್ಲ. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ಅಲೆಯಂತೆ ಹಿಂಡುತ್ತ ಅದನ್ನು ಕೆಳಗಿಳಿಸುತ್ತದೆ. ಕೊನೆಯಲ್ಲಿರುವ ಸ್ನಾಯುವಿನ ಬಾಗಿಲು ಸಮಯಕ್ಕೆ ಸರಿಯಾಗಿ ಸಡಿಲಗೊಂಡು ದಾರಿ ಬಿಡುತ್ತದೆ. ಈ ಕೆಲಸ ಕೆಟ್ಟರೆ, ಎದುರಿಗೆ ಊಟವಿದ್ದರೂ ಮನುಷ್ಯ ಸೊರಗುತ್ತಾನೆ. ಇಂಥ ರೋಗಿಗಳ ಬಗ್ಗೆ ಸುಮಾರು 900 ವರ್ಷಗಳ ಹಿಂದೆಯೇ ಚಿಂತಿಸಿದ ಹಕೀಮರೊಬ್ಬರ ಜೀವನವನ್ನು ತಿಳಿಯೋಣ.

ಅಬೂ ಮರ್ವಾನ್ ಅಬ್ದುಲ್ ಮಲಿಕ್ ಇಬ್ನ್ ಝುಹ್ರ್ ಅವರು 1094ರ ಸುಮಾರಿಗೆ ಸ್ಪೇನಿನ ಸೆವಿಲ್ ನಗರದಲ್ಲಿ ಜನಿಸಿದರು. ಮುಸ್ಲಿಮರ ಆಳ್ವಿಕೆಯಲ್ಲಿದ್ದ ಆ ನಾಡನ್ನು ಆಗ ಅಂದಲೂಸ್ ಎನ್ನುತ್ತಿದ್ದರು. ತಂದೆ ಅಬುಲ್ ಅಲಾ ಹೆಸರಾಂತ ವೈದ್ಯರು. ಅವರೇ ಮಗನಿಗೆ ಗುರುಗಳೂ ಆದರು. ಈ ಮನೆತನದಲ್ಲಿ ಹೆಣ್ಣುಮಕ್ಕಳೂ ವೈದ್ಯವಿದ್ಯೆ ಕಲಿತರು. ಇಬ್ನ್ ಝುಹ್ರ್ ಅವರ ಮಗಳು ಮತ್ತು ಮೊಮ್ಮಗಳು ಅರಮನೆಯ ಸ್ತ್ರೀಯರಿಗೆ ಚಿಕಿತ್ಸೆ ನೀಡಿದ್ದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿಡಬೇಕು.

ಅವರ ಬದುಕು ಸುಖದ ಹಾಸಿಗೆಯಾಗಿರಲಿಲ್ಲ. ದೊರೆ ಅಲೀ ಬಿನ್ ಯೂಸುಫರ ಕೋಪಕ್ಕೆ ಗುರಿಯಾಗಿ ಮರಾಕಿಶ್‌ನಲ್ಲಿ ಸೆರೆವಾಸ ಅನುಭವಿಸಿದರು. 1147ರಲ್ಲಿ ಆ ರಾಜವಂಶ ಅಳಿದ ಮೇಲೆ ಅಬ್ದುಲ್ ಮೂಮಿನ್ ದೊರೆಯ ವೈದ್ಯರಾದರು. ತತ್ವಜ್ಞಾನಿ ಇಬ್ನ್ ರುಶ್ದ್ ಅವರ ಕೋರಿಕೆಯಂತೆ ಅಲ್-ತೈಸೀರ್ ಎಂಬ ಗ್ರಂಥ ಬರೆದರು.

ಆ ಕಿತಾಬಿನಲ್ಲಿ ಅನ್ನನಾಳದ ಗಡ್ಡೆಯ ವರ್ಣನೆ ಇದೆ. ಮೊದಲು ಸಣ್ಣ ನೋವು, ನಂತರ ನುಂಗಲು ಕಷ್ಟ, ಅದು ದಿನೇ ದಿನೇ ಹೆಚ್ಚಿ ಕೊನೆಗೆ ದಾರಿಯೇ ಬಂದ್. ರೋಗ ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುವುದನ್ನು ಅವರು ಹೀಗೆ ಗುರುತಿಸಿದರು. ಅಂಥವರನ್ನು ಹಸಿವಿನಿಂದ ಸಾಯಲು ಬಿಡದೆ, ಬೆಳ್ಳಿಯ ನಳಿಕೆಯನ್ನು ಗಂಟಲೊಳಗೆ ಇಳಿಸಿ ಅದರ ಮೂಲಕ ಹಾಲಿನಂಥ ಆಹಾರ ಕೊಡಲು ತಿಳಿಸಿದರು. ಇಂದು ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡುವುದನ್ನು ನೀವು ನೋಡಿರಬಹುದು. 1162ರಲ್ಲಿ ಇಬ್ನ್ ಝುಹ್ರ್ ಸೆವಿಲ್‌ನಲ್ಲಿ ನಿಧನರಾದರು. 1490ರಲ್ಲಿ ಅವರ ಗ್ರಂಥದ ಲ್ಯಾಟಿನ್ ಅನುವಾದ ವೆನಿಸ್‌ನಲ್ಲಿ ಅಚ್ಚಾಯಿತು.

ಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. ಗಡ್ಡೆಯಿಲ್ಲದೆಯೂ ಅನ್ನನಾಳದ ಬಾಗಿಲು ತೆರೆಯದ ರೋಗಿಯೊಬ್ಬನನ್ನು 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ವರ್ಣಿಸಿದರು. ಈ ರೋಗಕ್ಕೆ ಇಂದು ಅಕಲೇಶಿಯಾ ಎಂಬ ಹೆಸರಿದೆ. ಈಗ ವೈದ್ಯರು ಮೊದಲು ಕೇಳುವುದು, ತಡೆಯುವುದು ರೊಟ್ಟಿಯೋ, ನೀರೂ ಸಹವೋ ಎಂದು. ಮೊದಲು ಗಟ್ಟಿ ಆಹಾರ, ಆಮೇಲೆ ದ್ರವ ತಡೆದರೆ ದಾರಿಯಲ್ಲಿ ಅಡ್ಡಿಯಿರುವ ಶಂಕೆ. ಆರಂಭದಿಂದಲೇ ಎರಡೂ ತಡೆದರೆ ಅನ್ನನಾಳದ ಚಲನೆಯ ದೋಷದ ಶಂಕೆ. ನಂತರ ಎಂಡೋಸ್ಕೋಪಿ, ಬೇರಿಯಂ ಕುಡಿಸಿ ಎಕ್ಸ್‌ರೇ, ಕೊನೆಗೆ ಒಳಗಿನ ಒತ್ತಡ ಅಳೆಯುವ ಮಾನೋಮೆಟ್ರಿ. 2021ರಲ್ಲಿ ಪರಿಷ್ಕೃತಗೊಂಡ ಶಿಕಾಗೋ ವರ್ಗೀಕರಣವು ಈ ಅಳತೆಗಳಿಂದಲೇ ಚಲನೆಯ ದೋಷಗಳನ್ನು ವಿಂಗಡಿಸುತ್ತದೆ. ಅಕಲೇಶಿಯಾದಲ್ಲೇ 3 ಬಗೆಗಳಿವೆ. ಮೂರರಲ್ಲೂ ಬಾಗಿಲು ಸರಿಯಾಗಿ ಸಡಿಲಗೊಳ್ಳದು. ಆದರೆ ಮೊದಲನೆಯದರಲ್ಲಿ ಹಿಂಡುವಿಕೆಯೇ ಇಲ್ಲ, ಎರಡನೆಯದರಲ್ಲಿ ನಾಳದ ತುಂಬ ಒಂದೇ ಒತ್ತಡ, ಮೂರನೆಯದರಲ್ಲಿ ಸೆಳೆತ. ಬಗೆ ತಿಳಿದರೆ ಚಿಕಿತ್ಸೆ ಆರಿಸುವುದು ಸುಲಭ.

ನಮ್ಮ ಮೊರಬದಂಥ ಊರುಗಳಲ್ಲಿ ರೊಟ್ಟಿ ಎದೆಯಲ್ಲಿ ತಡೆದರೆ ಗ್ಯಾಸ್ ಎನ್ನುತ್ತೇವೆ, ದೃಷ್ಟಿ ತೆಗೆಯುತ್ತೇವೆ. ಹಿರಿಯರು ರೊಟ್ಟಿ ಬಿಟ್ಟು ಅನ್ನಕ್ಕೆ, ಅನ್ನ ಬಿಟ್ಟು ಗಂಜಿಗೆ ಇಳಿಯುತ್ತಾರೆ. ವಯಸ್ಸಾಯಿತು ಎಂದು ನಾವು ಸುಮ್ಮನಿರುತ್ತೇವೆ. ಇಬ್ನ್ ಝುಹ್ರ್ ಗುರುತಿಸಿದ ಹೆಜ್ಜೆಗಳು ಇವೇ ಅಲ್ಲವೇ? ತಂಬಾಕು ಸೇವಿಸುವವರಲ್ಲಂತೂ ಹೆಚ್ಚು ಎಚ್ಚರ ಬೇಕು.

ಆದ್ದರಿಂದ ವಿದ್ಯಾರ್ಥಿಗಳೇ, ಇಂದು ರಾತ್ರಿ ದಸ್ತರ್‌ಖಾನಿನಲ್ಲಿ ನಿಮ್ಮ ದಾದಾ, ದಾದಿಯವರ ಊಟವನ್ನು ಗಮನಿಸಿರಿ. ತುತ್ತು ತಡೆಯುತ್ತಿದ್ದರೆ ತಡಮಾಡದೆ ಹುಬ್ಬಳ್ಳಿಗೋ ಧಾರವಾಡಕ್ಕೋ ಕರೆದೊಯ್ಯಲು ಮನೆಯವರಿಗೆ ಹೇಳಿರಿ. ನಿಮ್ಮಲ್ಲಿ ಯಾರಾದರೂ ಮುಂದೆ ವೈದ್ಯರಾಗಿ ಈ ಹಕೀಮರ ಇಲ್ಮ್‌ನ ದಾರಿಯಲ್ಲಿ ನಡೆಯುವಂತಾಗಲಿ ಎಂಬುದೇ ನನ್ನ ದುಆ.