ಕರಗಿದ ಮಿಠಾಯಿ

ಮಕ್ಕಳೇ, ಸೌದೆ ಒಲೆ, ಗ್ಯಾಸ್ ಒಲೆಗಳನ್ನು ನೀವು ನೋಡಿದ್ದೀರಿ. ಇವುಗಳಲ್ಲಿ ಬೆಂಕಿ ಮೊದಲು ಪಾತ್ರೆಯನ್ನು ಕಾಯಿಸುತ್ತದೆ. ಪಾತ್ರೆಯ ಬಿಸಿ ಅನಂತರ ಆಹಾರಕ್ಕೆ ತಲುಪುತ್ತದೆ. ಬೆಂಕಿಯೇ ಇಲ್ಲದೆ ಆಹಾರವನ್ನು ಬಿಸಿ ಮಾಡುವ ಒಲೆಯೂ ಒಂದಿದೆ. ಅದು ಮೈಕ್ರೋವೇವ್ ಒಲೆ. ಅದನ್ನು ಕಂಡುಹಿಡಿದವರು ಪರ್ಸಿ ಸ್ಪೆನ್ಸರ್. ಚಿಕ್ಕಂದಿನಲ್ಲೇ ಶಾಲೆ ಬಿಡಬೇಕಾಗಿ ಬಂದವರು ಅವರು.

ಪರ್ಸಿ 1894ರಲ್ಲಿ ಅಮೆರಿಕದ ಮೇನ್ ರಾಜ್ಯದ ಹೌಲೆಂಡ್ ಎಂಬ ಊರಿನಲ್ಲಿ ಹುಟ್ಟಿದನು. ಅವನು ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯೂ ಅವನನ್ನು ಬಿಟ್ಟುಹೋದರು. ಬಂಧುಗಳಾದ ದಂಪತಿಗಳು ಅವನನ್ನು ಸಾಕಿದರು. ಅವನಿಗೆ ಏಳು ವರ್ಷವಾದಾಗ ಸಾಕುತಂದೆಯೂ ತೀರಿಕೊಂಡರು. ಮನೆಯಲ್ಲಿ ಬಡತನ. ಹನ್ನೆರಡನೆಯ ವಯಸ್ಸಿನಲ್ಲಿ ಪರ್ಸಿ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಿದನು. ಅಲ್ಲಿ ದಾರ ಸುತ್ತುವ ಮರದ ಉರುಳೆಗಳನ್ನು ಮಾಡುತ್ತಿದ್ದರು. ಬೆಳಗಿನಿಂದ ಕತ್ತಲಾಗುವವರೆಗೂ ದುಡಿಮೆ. ಓದಲು ಹೊತ್ತೆಲ್ಲಿ?

ಆದರೆ ತಿಳಿಯುವ ಆಸೆ ಅವನಲ್ಲಿ ಆರಲಿಲ್ಲ. ಹತ್ತಿರದ ಕಾಗದದ ಕಾರ್ಖಾನೆಗೆ ವಿದ್ಯುತ್ ಬರಲಿದೆ ಎಂಬ ಸುದ್ದಿ ಕೇಳಿದನು. ಆ ಊರಿನವರಿಗೆ ವಿದ್ಯುತ್ ಹೊಸದು. ಪರ್ಸಿ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಆ ಕೆಲಸಕ್ಕೆ ಸೇರಿಕೊಂಡನು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿತು. ಆ ಹಡಗಿನಿಂದ ನಿಸ್ತಂತು ಯಂತ್ರದ ಮೂಲಕ ಸಹಾಯ ಕೇಳಿದವರ ಕಥೆ ಅವನ ಮನಸ್ಸನ್ನು ಹಿಡಿಯಿತು. ಅವನು ನೌಕಾಪಡೆಗೆ ಸೇರಿ ರೇಡಿಯೋ ವಿದ್ಯೆ ಕಲಿತನು. ರಾತ್ರಿ ಕಾವಲಿನ ಹೊತ್ತಿನಲ್ಲಿ ಗಣಿತ, ವಿಜ್ಞಾನದ ಪುಸ್ತಕಗಳನ್ನು ತಾನೇ ಓದಿಕೊಂಡನು.

ಮುಂದೆ ಸ್ಪೆನ್ಸರ್ ಅವರು ರೇಥಿಯಾನ್ ಎಂಬ ಕಂಪನಿಯಲ್ಲಿ ಎಂಜಿನಿಯರ್ ಆದರು. ಅನಂತರ ಎರಡನೆಯ ಮಹಾಯುದ್ಧ ಬಂದಿತು. ದೂರದ ವಿಮಾನಗಳನ್ನು ಪತ್ತೆ ಹಚ್ಚುವ ರೇಡಾರ್ ಯಂತ್ರಕ್ಕೆ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಬೇಕಾಗಿತ್ತು. ಅದು ಸೂಕ್ಷ್ಮ ತರಂಗಗಳನ್ನು ಹೊರಡಿಸುತ್ತದೆ. ತಾಮ್ರದ ಗಟ್ಟಿಯನ್ನು ಕೊರೆದು ಅದನ್ನು ಮಾಡಲು ಬಹಳ ಹೊತ್ತು ಹಿಡಿಯುತ್ತಿತ್ತು. ತೆಳುವಾದ ತಗಡುಗಳನ್ನು ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ ಬೆಸೆಯುವ ಉಪಾಯವನ್ನು ಸ್ಪೆನ್ಸರ್ ತೋರಿಸಿದರು. ಕೆಲಸ ಬಹಳ ಬೇಗನೆ ಸಾಗತೊಡಗಿತು.

1945ರ ಒಂದು ದಿನ ಅವರು ಕೆಲಸ ಮಾಡುತ್ತಿದ್ದ ಮ್ಯಾಗ್ನೆಟ್ರಾನಿನ ಬಳಿ ನಿಂತಿದ್ದರು. ಜೇಬಿಗೆ ಕೈ ಹಾಕಿದರೆ ಅಂಟಂಟು! ಅಲ್ಲಿಟ್ಟಿದ್ದ ಮಿಠಾಯಿ ಕರಗಿಹೋಗಿತ್ತು. ಈ ಕೊಳವೆಗಳ ಬಳಿ ಬಿಸಿಯಾಗುವುದನ್ನು ಇತರರೂ ಕಂಡಿದ್ದರು. ಆದರೆ ಏಕೆ ಎಂದು ಬೆನ್ನು ಹತ್ತಿದವರು ಸ್ಪೆನ್ಸರ್. ಅವರು ಮೆಕ್ಕೆಜೋಳದ ಕಾಳುಗಳನ್ನು ತರಿಸಿ ಕೊಳವೆಯ ಮುಂದೆ ಇಟ್ಟರು. ಕಾಳುಗಳು ಚಟಪಟನೆ ಸಿಡಿದು ಅರಳಾದವು! ಮರುದಿನ ಮೊಟ್ಟೆಯನ್ನು ಇಟ್ಟು ನೋಡಿದರು. ಇಣುಕಿ ನೋಡುತ್ತಿದ್ದ ಜೊತೆಗಾರನ ಮುಖಕ್ಕೇ ಅದು ಸಿಡಿಯಿತಂತೆ. ನೀವು ಮಾತ್ರ ಹೀಗೆ ಮಾಡಬಾರದು, ಅಪಾಯ!

ಇದು ಹೇಗಾಯಿತು? ನಮ್ಮ ಆಹಾರದಲ್ಲಿ ನೀರಿನ ಅಂಶವಿದೆ. ಸೂಕ್ಷ್ಮ ತರಂಗಗಳು ಆಹಾರದೊಳಗೆ ಹೊಕ್ಕು ನೀರಿನ ಅಣುಗಳನ್ನು ಅತ್ತಿತ್ತ ತಿರುಗಿಸುತ್ತವೆ. ಮನೆಯ ಮೈಕ್ರೋವೇವ್ ಒಲೆಯಲ್ಲಿ ಈ ತರಂಗಗಳು ಸೆಕೆಂಡಿಗೆ ಸುಮಾರು 245 ಕೋಟಿ ಬಾರಿ ಕಂಪಿಸುತ್ತವೆ. ಅಂಗೈಗಳನ್ನು ಉಜ್ಜಿದರೆ ಬಿಸಿಯಾಗುತ್ತದೆಯಲ್ಲವೇ? ಹಾಗೆಯೇ ಅಣುಗಳ ಈ ತಾಕಲಾಟದಿಂದ ಆಹಾರ ಬಿಸಿಯಾಗುತ್ತದೆ.

1947ರಲ್ಲಿ ಕಂಪನಿ ಮೊದಲ ಒಲೆಯನ್ನು ಮಾರಾಟಕ್ಕೆ ತಂದಿತು. ಅದು ಆಳೆತ್ತರ ಇತ್ತು. ತೂಕ ಸುಮಾರು 340 ಕಿಲೋ! ದೊಡ್ಡ ಅಡುಗೆಮನೆಗಳಿಗೆ ಮಾತ್ರ ಅದು ತಕ್ಕುದಾಗಿತ್ತು. ಮೇಜಿನ ಮೇಲಿಡುವ ಚಿಕ್ಕ ಒಲೆಯನ್ನು ಇದೇ ಕಂಪನಿಗೆ ಸೇರಿದ ಸಂಸ್ಥೆಯೊಂದು ತಂದುದು 1967ರಲ್ಲಿ.

ಇಂದು ಆಹಾರ ಕಾರ್ಖಾನೆಗಳಲ್ಲಿಯೂ ಈ ವಿಧಾನ ಬಳಕೆಯಲ್ಲಿದೆ. ಮಂಜುಗಟ್ಟಿದ ಮೀನು, ಮಾಂಸದ ದೊಡ್ಡ ಗಟ್ಟಿಗಳು ತಾವಾಗಿ ಸಡಿಲಗೊಳ್ಳಲು ಬಹಳ ಗಂಟೆಗಳು ಬೇಕು. ಸೂಕ್ಷ್ಮ ತರಂಗಗಳಿಂದ ಕೆಲವೇ ನಿಮಿಷಗಳಲ್ಲಿ ಅವು ಕತ್ತರಿಸುವಷ್ಟು ಮೆದುವಾಗುತ್ತವೆ. ಬಿಸ್ಕತ್ತನ್ನು ಬೇಯಿಸಿದಾಗ ಅಂಚು ಒಣಗಿದರೂ ನಡುವೆ ತೇವ ಉಳಿಯುತ್ತದೆ. ಅದರಿಂದ ಬಿಸ್ಕತ್ತು ಬಿರುಕು ಬಿಡುತ್ತದೆ. ರೇಡಿಯೋ ತರಂಗಗಳು ಹೆಚ್ಚಾಗಿ ತೇವವಿರುವ ಕಡೆಯೇ ಬಿಸಿ ಮಾಡುವುದರಿಂದ ಬಿಸ್ಕತ್ತು ಒಂದೇ ಸಮನಾಗಿ ಒಣಗುತ್ತದೆ.

ಶಾಲೆಯ ಓದನ್ನು ಮುಗಿಸಲಾಗದ ಸ್ಪೆನ್ಸರ್ ಅವರಿಗೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1970ರಲ್ಲಿ ಅವರು ತೀರಿಕೊಂಡರು. ಅಂದು ಜೇಬು ಹೊಲಸಾಯಿತೆಂದು ಒರಸಿಕೊಂಡು ಅವರು ಸುಮ್ಮನಾಗಿದ್ದರೆ? ಏಕೆ ಎಂದು ಕೇಳುವುದನ್ನು ಅವರು ಎಂದೂ ಬಿಡಲಿಲ್ಲ. ನೀವೂ ಬಿಡಬೇಡಿ.

ಪದಗಳ ಅರ್ಥ
ನಿಸ್ತಂತು – ತಂತಿಯಿಲ್ಲದ
ತರಂಗ – ಅಲೆ
ಕಂಪಿಸು – ಅಲುಗಾಡು
ಅರಳು – ಹುರಿದಾಗ ಉಬ್ಬಿದ ಕಾಳು

ಉತ್ತರಿಸಿರಿ
1. ಪರ್ಸಿ ಶಾಲೆ ಬಿಡಲು ಕಾರಣವೇನು?
2. ಮಿಠಾಯಿ ಕರಗಿದ ಮೇಲೆ ಸ್ಪೆನ್ಸರ್ ಏನೇನು ಪರೀಕ್ಷಿಸಿದರು?
3. ಬಿಸ್ಕತ್ತು ಬಿರುಕು ಬಿಡುವುದೇಕೆ?
4. ಇಂದು ನೀವು ಕಂಡ ಒಂದು ಸಂಗತಿಯ ಬಗ್ಗೆ 'ಏಕೆ' ಎಂಬ ಪ್ರಶ್ನೆಯೊಂದನ್ನು ಬರೆಯಿರಿ.