ಹಳೇಬೀಡನ್ನು ಮೇಣದ ಕಾಗದದಲ್ಲಿ ಹಿಡಿದ ಕ್ಯಾಪ್ಟನ್ ಟ್ರೈಪ್

ಫಿಲ್ಮ್ ಕ್ಯಾಮೆರಾದ ಹುಚ್ಚು ಈಗ ಮತ್ತೆ ಶುರುವಾಗಿದೆ. ಹಳೇ ಸೋವಿಯತ್ ಕ್ಯಾಮೆರಾ ಎಲ್ಲಿ ಸಿಗುತ್ತೆ ಅಂತ ಹುಡುಕುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಜರ್ಮನಿಯ ಲೈಕಾವನ್ನು ನೋಡಿಕೊಂಡು 1934ರಲ್ಲಿ ಖಾರ್ಕಿವ್ ನಗರದಲ್ಲಿ ತಯಾರಾಗತೊಡಗಿದ ಫೆಡ್, ಆಮೇಲೆ ಬಂದ ಝೋರ್ಕಿ, ಇವೆಲ್ಲ ರೇಂಜ್‌ಫೈಂಡರ್ ಕ್ಯಾಮೆರಾಗಳು. ಎರಡು ಕಿಟಕಿಗಳಿಂದ ಕಾಣುವ ಎರಡು ಬಿಂಬಗಳು ಒಂದಾದರೆ ಫೋಕಸ್ ಸರಿಯಾಯಿತು ಅಂತ ಲೆಕ್ಕ. ಒಳಗಿರುವುದು ನಾವು ಸರ್ವೇ ಪಾಠದಲ್ಲಿ ಓದುವ ತ್ರಿಕೋನವೇ. ಅಂಥ ಕ್ಯಾಮೆರಾ ಒಂದನ್ನು ಹೆಗಲಿಗೆ ಹಾಕಿಕೊಂಡು ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಳಿದು, ಬಸ್ಸು ಹಿಡಿದು ಹಳೇಬೀಡು, ಬೇಲೂರು ನೋಡಿಕೊಂಡು ಬಂದರೆ ಒಂದು ರೋಲಿನಲ್ಲಿ 36 ಚಿತ್ರ.

ಫೆಡ್ ಹುಟ್ಟುವುದಕ್ಕೆ ಸರಿಯಾಗಿ 80 ವರ್ಷ ಮೊದಲು, 1854ರ ಡಿಸೆಂಬರಿನಲ್ಲಿ, ಇದೇ ಊರುಗಳಿಗೆ ಒಬ್ಬ ಕ್ಯಾಮೆರಾ ತಂದಿದ್ದ. ಆಗ ಅರಸೀಕೆರೆಗೆ ರೈಲು ಹಾಗಿರಲಿ, ಇಡೀ ದಕ್ಷಿಣ ಭಾರತದಲ್ಲೇ ರೈಲು ಓಡುತ್ತಿರಲಿಲ್ಲ. ಅವನ ಹೆಸರು ಲಿನಿಯಸ್ ಟ್ರೈಪ್. ಫೋಟೋಗ್ರಫಿಯ ಚರಿತ್ರೆ ಓದುವವರಿಗೆಲ್ಲ ಗೊತ್ತಿರುವ ಈ ಹೆಸರು ಹಾಸನ ಜಿಲ್ಲೆಯ ನಮಗೇ ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಈ ಸಂಚಿಕೆಯಲ್ಲಿ ಅವನ ಕಥೆ.

ಟ್ರೈಪ್ ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನ ಹಡಗುಕಟ್ಟೆಯ ಊರಾದ ಡೆವನ್‌ಪೋರ್ಟ್‌ನಲ್ಲಿ. ತುಂಬು ಸಂಸಾರ, ಮನೆ ತುಂಬ ಮಕ್ಕಳು. ಹದಿನಾರು ಹದಿನೇಳರ ವಯಸ್ಸಿಗೇ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯಕ್ಕೆ ಸೇರಿದ. ಅಂದರೆ ನಾವು ಸಿಇಟಿ ಬರೆಯುವ ವಯಸ್ಸಿನಲ್ಲಿ ಅವನು ಸಮುದ್ರ ದಾಟಲು ಹೊರಟಿದ್ದ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ದುಡಿದು, ರಜೆ ಮೇಲೆ ಊರಿಗೆ ಹೋದಾಗ ಅವನಿಗೆ ಫೋಟೋಗ್ರಫಿಯ ಗೀಳು ಹಿಡಿಯಿತು. 1853ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಸೇರಿದ. ಮರುವರ್ಷ ಬೆಂಗಳೂರಿನ ದಂಡಿಗೆ ವಾಪಸ್ ಬರುವಾಗ ಅವನ ಜೊತೆ ಕ್ಯಾಮೆರಾವೂ ಬಂತು.

ಆ ಕ್ಯಾಮೆರಾ ಎಷ್ಟು ದೊಡ್ಡದು ಅಂತ ಒಂಚೂರು ಲೆಕ್ಕ ಹಾಕೋಣ. ಫೆಡ್‌ನ ನೆಗೆಟಿವ್ 24 ಮಿ.ಮೀ. ಅಗಲ, 36 ಮಿ.ಮೀ. ಉದ್ದ. ಟ್ರೈಪ್‌ನ ನೆಗೆಟಿವ್ ಸುಮಾರು 12 ಇಂಚು ಅಗಲ, 15 ಇಂಚು ಉದ್ದ. ವಿಸ್ತೀರ್ಣದಲ್ಲಿ ನೂರು ಪಟ್ಟಿಗಿಂತ ಹೆಚ್ಚು! ಆಗ ಚಿತ್ರವನ್ನು ಹಿಗ್ಗಿಸುವ ರೂಢಿ ಇರಲಿಲ್ಲ. ನೆಗೆಟಿವ್ ಕೆಳಗೆ ಇನ್ನೊಂದು ಕಾಗದ ಒತ್ತಿಟ್ಟು ಬಿಸಿಲಿಗೆ ಹಿಡಿದರೆ ಅದೇ ಅಳತೆಯ ಚಿತ್ರ ಮೂಡುತ್ತಿತ್ತು. ಹಾಗಾಗಿ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಕ್ಯಾಮೆರಾ ಹೊರಬೇಕು.

ನೆಗೆಟಿವ್ ಕೂಡ ಫಿಲ್ಮ್ ಅಲ್ಲ, ಕಾಗದ. ಕಾಗದಕ್ಕೆ ಮೇಣ ಹಿಡಿಸಿ, ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣ ಹಚ್ಚಬೇಕು. ಫ್ರಾನ್ಸಿನ ಲ ಗ್ರೇ 1851ರಲ್ಲಿ ಪ್ರಕಟಿಸಿದ ವಿಧಾನ ಇದು. ಇದರಲ್ಲಿ ಒಂದು ದೊಡ್ಡ ಅನುಕೂಲ ಇತ್ತು: ಕಾಗದವನ್ನು ಮೊದಲೇ ತಯಾರಿಸಿ ಒಯ್ಯಬಹುದು, ತೆಗೆದ ಚಿತ್ರವನ್ನು ಬಿಡಾರಕ್ಕೆ ಬಂದಮೇಲೆ ನಿಧಾನವಾಗಿ ತೊಳೆಯಬಹುದು. ಗಾಜಿನ ನೆಗೆಟಿವ್ ಆದರೆ ಒದ್ದೆ ಇರುವಾಗಲೇ ಎಲ್ಲ ಮುಗಿಸಬೇಕು, ಪ್ರಯಾಣದಲ್ಲಿ ಒಡೆಯುವ ಭಯ ಬೇರೆ. ಆದರೆ ಮೇಣದ ಕಾಗದ ನಿಧಾನಿ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಕಾಯಬೇಕು. ಮನುಷ್ಯ, ದನ, ಗಾಳಿಗೆ ಆಡುವ ಎಲೆ, ಯಾವುದೂ ನಿಲ್ಲುವುದಿಲ್ಲ. ನಿಲ್ಲುವುದು ಕಲ್ಲು ಮಾತ್ರ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ನಿಂತ ಬೇಲೂರಿನ ಚೆನ್ನಕೇಶವ, ಅದರ ಬೆನ್ನಿಗೇ ಶುರುವಾದ ಹಳೇಬೀಡಿನ ಹೊಯ್ಸಳೇಶ್ವರ ಇಂಥ ಕ್ಯಾಮೆರಾಗೆ ಹೇಳಿ ಮಾಡಿಸಿದ ಹಾಗಿದ್ದವು. ಬಳಪದ ಕಲ್ಲಿನ ಆ ಸೂಕ್ಷ್ಮ ಕೆತ್ತನೆಯನ್ನು ಕೈಯಲ್ಲಿ ಚಿತ್ರ ಬಿಡಿಸಿ ತೋರಿಸುವುದು ಎಂಥ ಕಲಾವಿದನಿಗೂ ಕಷ್ಟ. ಆನೆ, ಕುದುರೆ, ಬಳ್ಳಿ, ಹಂಸ ಅಂತ ಸಾಲು ಸಾಲಾಗಿ ಏರುವ ಗೋಡೆಯನ್ನು ಕ್ಯಾಮೆರಾ ಒಂದೇ ಸಲಕ್ಕೆ ಹಿಡಿಯಿತು.

1855ರ ಆರಂಭದಲ್ಲಿ ಮದ್ರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಟ್ರೈಪ್ 68 ಚಿತ್ರಗಳನ್ನಿಟ್ಟ. ಅದಕ್ಕೂ ಮುಂಚೆ ಯಾರೂ ಫೋಟೋ ತೆಗೆಯದ ದೇವಸ್ಥಾನಗಳು ಅವು. ತೀರ್ಪುಗಾರರಿಗೆ ತುಂಬಾ ಹಿಡಿಸಿದವು. ಅಲ್ಲಿಂದ ಅವನ ದಾರಿಯೇ ಬದಲಾಯಿತು. ಅದೇ ವರ್ಷ ಬರ್ಮಾದ ರಾಜ ಮಿಂಡೋನ್ ಬಳಿಗೆ ಹೋದ ಬ್ರಿಟಿಷ್ ನಿಯೋಗಕ್ಕೆ ಅವನೇ ಅಧಿಕೃತ ಫೋಟೋಗ್ರಾಫರ್. ಮಳೆ, ಕಾಯಿಲೆ ಎರಡರ ನಡುವೆಯೂ 200ಕ್ಕೂ ಹೆಚ್ಚು ನೆಗೆಟಿವ್ ಮಾಡಿದ. ಬೆಂಗಳೂರಿಗೆ ಬಂದು ಅದರಲ್ಲಿ 120 ಆರಿಸಿ, 50 ಕಟ್ಟುಗಳಿಗಾಗುವಷ್ಟು ಪ್ರಿಂಟ್ ಹಾಕಿಸಿದ. ಆರು ಸಾವಿರ ಪ್ರಿಂಟ್, ಎಲ್ಲ ಬಿಸಿಲಿನಲ್ಲಿ, ಒಂದೊಂದಾಗಿ!

ಆ ಕಾಲದ ರಾಸಾಯನಿಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಆಕಾಶ ಪೂರ್ತಿ ಬಿಳಿಚಿಕೊಳ್ಳುತ್ತಿತ್ತು, ಮರಗಿಡ ಕಪ್ಪಾಗುತ್ತಿತ್ತು. ಟ್ರೈಪ್ ಏನು ಮಾಡಿದ? ನೆಗೆಟಿವ್ ಮೇಲೆ ಬಣ್ಣ ಹಚ್ಚಿ ತಾನೇ ಮೋಡ ಬರೆದ. ಫೋಟೋಶಾಪ್ ನಮ್ಮ ಕಾಲದ್ದು ಅಂದುಕೊಳ್ಳುವವರು ಇದನ್ನು ಗಮನಿಸಬೇಕು.

ಮದ್ರಾಸ್ ಸರ್ಕಾರ ಅವನನ್ನು ಪ್ರೆಸಿಡೆನ್ಸಿಯ ಸರ್ಕಾರಿ ಫೋಟೋಗ್ರಾಫರ್ ಆಗಿ ನೇಮಿಸಿತು. ಉತ್ತರದಲ್ಲಿ ಸಿಪಾಯಿ ದಂಗೆ ನಡೆಯುತ್ತಿದ್ದಾಗಲೇ, 1857ರ ಡಿಸೆಂಬರಿನಲ್ಲಿ ಬೆಂಗಳೂರು ಬಿಟ್ಟು ಶ್ರೀರಂಗಂ, ಮಧುರೆ, ತಂಜಾವೂರು ಸುತ್ತಿದ. ತಂಜಾವೂರಿನ ಬೃಹದೀಶ್ವರ ದೇವಾಲಯದ ತಳಪಾಯದ ಉದ್ದಕ್ಕೂ ಇರುವ ಶಾಸನವನ್ನು 21 ಚಿತ್ರಗಳಲ್ಲಿ ತೆಗೆದು ಜೋಡಿಸಿದ. ಉದ್ದ ಸುಮಾರು 19 ಅಡಿ. ನಮ್ಮ ಫೋನಿನ ಪನೋರಮಾವನ್ನು ಅವನು ಅಂಟು ಹಚ್ಚಿ ಮಾಡಿದ್ದ.

ಈ ಕೆಲಸ ಒಬ್ಬನಿಂದ ಆದದ್ದಲ್ಲ ಅನ್ನೋದನ್ನೂ ಹೇಳಬೇಕು. ಅವನ ಸಹಾಯಕನಾಗಿ ಕೆಲಸ ಕಲಿತ ಸಿ. ಅಯ್ಯಾಸ್ವಾಮಿ ಎಂಬಾತ ಮುಂದೆ ಮದ್ರಾಸಿನ ಕಲಾಶಾಲೆಯಲ್ಲಿ ಫೋಟೋಗ್ರಫಿ ಕಲಿಸಿದ. ಗಾಡಿ ಹೊಡೆದವರು, ನೀರು ಹೊತ್ತವರ ಹೆಸರು ಚಿತ್ರಗಳ ಕೆಳಗೆ ಇಲ್ಲ. ಇನ್ನೊಂದು ಮಾತು: ಇದು ಆಳುವವರಿಗಾಗಿ ಆದ ದಾಖಲೆ. ಯಾವ ದೇಶ ತಮ್ಮ ಕೈಗೆ ಬಂದಿದೆ ಅಂತ ನೋಡಿಕೊಳ್ಳುವ ಆಸೆ ಅದರ ಹಿಂದಿತ್ತು. ಹಾಗಂತ ಚಿತ್ರದ ಬೆಲೆ ಕಮ್ಮಿಯಾಗುವುದಿಲ್ಲ. ಹಾಗೆಯೇ, ಚಿತ್ರ ಚೆನ್ನಾಗಿದೆ ಅಂತ ಹಿನ್ನೆಲೆಯನ್ನು ಮರೆಯುವುದೂ ಸರಿಯಲ್ಲ.

1859ರಲ್ಲಿ ಮದ್ರಾಸಿಗೆ ಹೊಸ ಗವರ್ನರ್ ಆಗಿ ಚಾರ್ಲ್ಸ್ ಟ್ರೆವೆಲ್ಯನ್ ಬಂದ. ಖಜಾನೆ ಬಡವಾಗಿತ್ತು. ಫೋಟೋಗ್ರಫಿ ದುಂದುವೆಚ್ಚ ಅಂತ ತೀರ್ಮಾನಿಸಿ ಕೆಲಸ ನಿಲ್ಲಿಸಿಬಿಟ್ಟ. ಟ್ರೈಪ್‌ಗೆ ಆಗ ಮೂವತ್ತೇಳು. ಕೈ ಪಳಗಿದ್ದ ಹೊತ್ತು. ಎಷ್ಟೋ ಜಾಗ ಇನ್ನೂ ಬಾಕಿ ಇತ್ತು. ಅವನು ವಾಪಸ್ ಸೈನ್ಯದ ಕೆಲಸಕ್ಕೆ ಹೋದ. ಆಮೇಲೆ ತೆಗೆದ ಚಿತ್ರಗಳು ಬೆರಳೆಣಿಕೆಯಷ್ಟು. ನಿವೃತ್ತನಾಗಿ, ಗೌರವ ಮೇಜರ್ ಜನರಲ್ ಅನ್ನಿಸಿಕೊಂಡು, 1902ರಲ್ಲಿ ಹುಟ್ಟಿದೂರಿನಲ್ಲೇ ತೀರಿಕೊಂಡ. ಎಂಬತ್ತು ವರ್ಷದ ಬದುಕಿನಲ್ಲಿ ಅವನ ಹೆಸರು ಉಳಿಸಿದ್ದು ಐದಾರು ವರ್ಷದ ಕೆಲಸ. 2014-15ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್‌ಗಳ ದೊಡ್ಡ ಮ್ಯೂಸಿಯಂಗಳು ಅದನ್ನು ಸಾಲಾಗಿ ಪ್ರದರ್ಶಿಸಿದವು.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಈಗ ಅಲ್ಲಿ ದಿನಕ್ಕೆ ಎಷ್ಟು ಫೋಟೋ ತೆಗೆಯುತ್ತಾರೋ ಲೆಕ್ಕವಿಲ್ಲ. ಆದರೆ ಯಾವ ಗೋಡೆ, ಯಾವ ದಿಕ್ಕು, ಯಾವ ದಿನ ಅಂತ ಬರೆದಿಡುವವರು ಎಷ್ಟು ಜನ? ಮುಂದಿನ ಸಲ ಹೋದಾಗ ಫೆಡ್ ಆಗಲಿ, ಫೋನಾಗಲಿ, ಒಂದೇ ಒಂದು ಗೋಡೆಯನ್ನು ನೇರ ನಿಂತು ತೆಗೆದು, ತಾರೀಖು ಬರೆದು ಜೋಪಾನ ಮಾಡೋಣ. 170 ವರ್ಷ ಆದಮೇಲೆ ಯಾರಿಗಾದರೂ ಬೇಕಾಗಬಹುದು.