ಸರ್ ಎಂ.ವಿ.ಗೆ ರೆಫರೆನ್ಸ್ ಯಾರು ಕೊಟ್ರು?

ಹಳೇ ಬಾಸ್ ಫೋನೇ ಎತ್ತದಿದ್ರೆ ರೆಫರೆನ್ಸ್‌ಗೆ ಯಾರ ಹೆಸರು ಬರೆಯೋದು ಅಂತ ನಾವು ಒದ್ದಾಡ್ತೀವಿ. ವಿಶ್ವೇಶ್ವರಯ್ಯನವರನ್ನೇ ನೋಡಿ. 1884ರಿಂದ ಬಾಂಬೆ ಸರ್ಕಾರದಲ್ಲಿ ದುಡಿದರೂ ಚೀಫ್ ಇಂಜಿನಿಯರ್ ಕುರ್ಚಿ ಬ್ರಿಟಿಷರಿಗೇ ಮೀಸಲು. 1908ರಲ್ಲಿ ಕೆಲಸ ಬಿಟ್ಟು ಯುರೋಪ್ ಪ್ರವಾಸ ಹೊರಟರು.

ಅದೇ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತು. ನಮ್ಮ ಗೊರೇಬಾಳವೂ ಆಗ ನಿಜಾಮರ ರಾಜ್ಯದಲ್ಲೇ ಇತ್ತು ಬಿಡಿ. ನಿಜಾಮ್ ಸರ್ಕಾರ ಅವರನ್ನೇ ಕರೆಸಿತು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅವರು ಕೂರಿಸಿದ್ದ ಗೇಟುಗಳು ನೀರು ಏರಿದ್ರೆ ತಾವಾಗೇ ತೆರೀತಿದ್ವು. ಯಾವ ಮೇಲಧಿಕಾರಿಯ ಪತ್ರಕ್ಕಿಂತ ಆ ಗೇಟುಗಳೇ ದೊಡ್ಡ ರೆಫರೆನ್ಸ್ ಅಂತ ನಮಗನ್ಸುತ್ತೆ. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಅಂತ ಅವರು ಸಲಹೆ ಕೊಟ್ರು. ಉಸ್ಮಾನ್ ಸಾಗರ ಬಂದದ್ದು ಹಾಗೆ.

1909ರ ನವೆಂಬರ್‌ನಲ್ಲಿ ಮೈಸೂರು ಅವರನ್ನು ಚೀಫ್ ಇಂಜಿನಿಯರ್ ಮಾಡಿತು. ಬಾಂಬೆಯಲ್ಲಿ ಸಿಗದ ಅದೇ ಕುರ್ಚಿ.